ಔಷಧಿ ಕೋಣೆಯ ತರಗತಿ

ಶಿವಾಜಿನಗರದಲ್ಲಿ ಬಸ್ಸು ಹತ್ತಿ ಟಿನ್ ಫ್ಯಾಕ್ಟರಿಯಲ್ಲಿ ಇಳಿಯಬೇಕು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಕೆ.ಆರ್. ಪುರಂ ದಾಟಿ, ಇಟ್ಟಿಗೆ ಗೂಡುಗಳ ಹತ್ತಿರ ಇಳಿದರೆ ಮುಂದೆ ಅರ್ಧ ಗಂಟೆಯ ನಡಿಗೆ. ನನ್ನ ಮೊದಲ ಶಾಲೆಗೆ ಅದೇ ದಾರಿ. ತೊಂಬತ್ತರ ದಶಕದ ನಡುವಿನ ಮಾತು, ನನಗಾಗ ಇಪ್ಪತ್ತಮೂರು ವರ್ಷ.

ನಮ್ಮ ಮನೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಅಬ್ಬಾ ಮಾರುಕಟ್ಟೆಯೊಳಗೆ ಹಣ್ಣಿನ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಆಡುತ್ತಿದ್ದುದು ದಖನಿ ಉರ್ದು. ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಕಲಿತು ಅದನ್ನೇ ಹಚ್ಚಿಕೊಂಡವಳು. ಸರ್ಕಾರಿ ಕೆಲಸ ಸಿಕ್ಕಿದ್ದು ನಮ್ಮ ವಂಶದಲ್ಲೇ ನನಗೆ ಮೊದಲು. ನೇಮಕದ ಕಾಗದವನ್ನು ಅಬ್ಬಾ ಪಕ್ಕದ ಹೂವಿನ ಅಂಗಡಿಯವರ ಕೈಲಿ ಓದಿಸಿ, ಮುಗಿದ ಮೇಲೆ ಇನ್ನೊಮ್ಮೆ ಓದಿ ಎಂದರಂತೆ. ಎರಡು ವರ್ಷ ಪ್ರೊಬೇಷನ್ ಎಂದು ಅದರಲ್ಲಿ ಬರೆದಿತ್ತು. ಅಷ್ಟರೊಳಗೆ ಏನಾದರೂ ತಕರಾರು ಬಂದರೆ ಕೆಲಸ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ.

ಮೊದಲ ದಿನ ಇಟ್ಟಿಗೆ ಗೂಡಿನ ಹತ್ತಿರ ದಾರಿ ಕೇಳಿದೆ. ಮಣ್ಣು ತುಳಿಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಏರೋಪ್ಲೇನ್ ಸ್ಕೂಲಾ? ನೇರಕ್ಕೆ ಹೋಗಿ ಮೇಡಂ. ಅಗಲ ರೋಡ್ ಬರ್ತದೆ, ಯಾವ ಊರ್ಗೂ ಹೋಗದ ರೋಡು. ಅದ್ರ ಪಕ್ಕದಲ್ಲೇ," ಎಂದಳು.

ಆ ರೋಡು ವಿಮಾನ ಇಳಿಯುವ ಪಟ್ಟಿ. ಅಂಚುಗಳಲ್ಲಿ ಲಂಟಾನ ಬೆಳೆದು, ನಡುವೆ ಬಿರುಕುಗಳಲ್ಲಿ ಹುಲ್ಲು ಎದ್ದಿತ್ತು. ಒಂದು ತುದಿಯಲ್ಲಿ ವಿಮಾನ ನಿಲ್ಲಿಸುತ್ತಿದ್ದ ತಗಡಿನ ದೊಡ್ಡ ಶೆಡ್ಡು, ಅದಕ್ಕೆ ಅಂಟಿಕೊಂಡು ಇಟ್ಟಿಗೆಯ ಉದ್ದನೆಯ ಒಂದು ಕೋಣೆ. ಊರೊಳಗಿನ ಹಳೆಯ ಶಾಲೆಯ ಗೋಡೆ ಮಳೆಗೆ ಕುಸಿದಾಗ, ಮೂರು ತಿಂಗಳ ಮಟ್ಟಿಗೆ ಎಂದು ಮಕ್ಕಳನ್ನು ಇಲ್ಲಿಗೆ ತಂದು ಕೂರಿಸಿದ್ದರು. ನಾನು ಹೋಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಮುಖ್ಯೋಪಾಧ್ಯಾಯರು ಒಂದು ಮತ್ತು ನಾಲ್ಕನೆಯ ತರಗತಿಗಳನ್ನು ಶೆಡ್ಡಿನಲ್ಲಿ ನಡೆಸುತ್ತಿದ್ದರು. ಎರಡು ಮತ್ತು ಮೂರನೆಯ ತರಗತಿ ನನ್ನವು. ನನಗೆ ಸಿಕ್ಕಿದ್ದು ಆ ಇಟ್ಟಿಗೆಯ ಕೋಣೆ.

ಅಲ್ಲಿ ಒಬ್ಬ ಮುದುಕ ಕಾವಲುಗಾರನಿದ್ದ. ವಿಮಾನಗಳು ಹೋಗಿ ಹತ್ತು ವರ್ಷದ ಮೇಲಾಗಿದ್ದರೂ ಅವನನ್ನು ಕೆಲಸದಿಂದ ತೆಗೆಯುವ ಆದೇಶವಾಗಲಿ, ಬೇರೆ ಕಡೆಗೆ ಹಾಕುವ ಆದೇಶವಾಗಲಿ ಬಂದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಹೊಸ್ತಿಲ ಮೇಲೆ ಕೂತು ಹಳೆಯ ಕತೆ ಹೇಳುತ್ತಿದ್ದ. ಕಡಲೆಕಾಯಿಗೆ ಕಂಬಳಿಹುಳ ಬಿದ್ದಾಗ, ಕಬ್ಬಿಗೆ ರೋಗ ಬಂದಾಗ, ಇಲ್ಲಿಂದ ಒಂದೇ ಇಂಜಿನ್ನಿನ ಹಳದಿ ವಿಮಾನ ಹಾರಿ ಕೋಲಾರದ ಕಡೆ, ಮಂಡ್ಯದ ಕಡೆ ಹೋಗಿ ಔಷಧಿ ಚೆಲ್ಲಿ ಬರುತ್ತಿತ್ತು. ಅದನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ.

"ವಿಮಾನ ಇಳಿಯೋ ಮುಂಚೆ ಪಟ್ಟಿ ಮೇಲಿನ ದನ ಕುರಿ ಓಡಿಸೋದು ನನ್ ಮೊದಲ್ನೇ ಕೆಲ್ಸ," ಎಂದ ಒಂದು ದಿನ. "ಆಮೇಲೆ ಬಾವುಟದ ಕೆಲ್ಸ ಕೊಟ್ರು. ಹೊಲದ ತುದೀಲಿ ಬಿಳೀ ಬಟ್ಟೆ ಕಟ್ಟಿದ ಗಳ ಹಿಡ್ಕೊಂಡು ನಿಂತ್ಕೋಬೇಕು. ವಿಮಾನ ನನ್ ತಲೆ ನೋಡ್ಕೊಂಡು ಬರ್ತದೆ. ಔಷಧಿ ಬಿಟ್ಕೊಂಡು ಆ ಕಡೆ ಹೋದ್ಮೇಲೆ ನಾನು ಪಕ್ಕಕ್ಕೆ ಅಷ್ಟು ಹೆಜ್ಜೆ ಸರಿದು ಮತ್ತೆ ನಿಂತ್ಕೊಳ್ಳೋದು."

"ನಿಮ್ಮ ಮೇಲೆ ಬೀಳ್ತಿರ್ಲಿಲ್ವಾ?"

"ಬೀಳ್ದೆ ಇರ್ತದಾ? ಒಂದು ವಾರ ಸೊಳ್ಳೆ ನನ್ ಹತ್ರ ಸುಳೀತಿರ್ಲಿಲ್ಲ ಮೇಡಂ," ಎಂದು ನಕ್ಕ. ನಾನೂ ನಕ್ಕೆ.

ಆಮೇಲೆ ರೈತರು ಬೆನ್ನಿಗೆ ಕಟ್ಟುವ ಪಂಪು ಕೊಂಡರು, ವಿಮಾನದ ಓಡಾಟ ಕಡಿಮೆಯಾಯಿತು, ಒಂದು ಬೇಸಿಗೆಯಲ್ಲಿ ರಿಪೇರಿಗೆಂದು ಹಾರಿಹೋದ ವಿಮಾನ ತಿರುಗಿ ಬರಲೇ ಇಲ್ಲ. ಗಾಳಿಯ ದಿಕ್ಕು ತೋರಿಸಲು ಕಟ್ಟಿದ್ದ ಬಟ್ಟೆಯ ಚೀಲವನ್ನು ಅವನೇ ಎರಡು ಸಲ ಹೊಲಿದು ಏರಿಸಿದ್ದನಂತೆ, ಆಮೇಲೆ ಬಿಟ್ಟುಬಿಟ್ಟ. ಇದನ್ನೆಲ್ಲ ಹೇಳಿದವನು ನನ್ನ ತರಗತಿಯ ಕೋಣೆಯಲ್ಲಿ ಮೊದಲು ಏನಿತ್ತು ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆ ಕೋಣೆಯಲ್ಲಿ ಒಂದು ಮುಗ್ಗಲು ವಾಸನೆ ಯಾವಾಗಲೂ ಇರುತ್ತಿತ್ತು. ನೆಲದ ಸಿಮೆಂಟು ತೆಳ್ಳಗೆ, ಅಲ್ಲಲ್ಲಿ ಎದ್ದುಬಂದಿತ್ತು. ಬಿರುಕುಗಳಿಂದ ಮಾಸಲು ಬಿಳಿಯ ಪುಡಿ ಹೊರಬರುತ್ತಿತ್ತು. ಸುಣ್ಣ ಉದುರುತ್ತಿದೆ ಎಂದುಕೊಂಡೆ. ಮಕ್ಕಳು ಆ ನೆಲದ ಮೇಲೆಯೇ ಗೋಣಿಪಟ್ಟಿ ಹಾಸಿಕೊಂಡು ಕೂರಬೇಕಾದ್ದರಿಂದ ದಿನಾ ಬೆಳಿಗ್ಗೆ ಗುಡಿಸಬೇಕಿತ್ತು. ಶಾಲೆಗೆ ಜವಾನನಿರಲಿಲ್ಲ. ಎಲ್ಲ ಕಡೆ ಮಾಡುವಂತೆ ನಾನೂ ಮಕ್ಕಳಿಗೆ ಸರದಿ ಹಚ್ಚಿದೆ.

ಎರಡನೆಯ ತರಗತಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯಿದ್ದಳು. ತಮಿಳುನಾಡಿನ ಗಡಿಯ ಕಡೆಯಿಂದ ಇಟ್ಟಿಗೆ ಗೂಡಿಗೆ ದುಡಿಯಲು ಬಂದವಳ ಮಗಳು. ತಂದೆ ಇರಲಿಲ್ಲ. ತಾಯಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದರಿಂದ ಹುಡುಗಿ ಎಲ್ಲರಿಗಿಂತ ಮುಂಚೆ ಬಂದು ಬಾಗಿಲ ಮುಂದೆ ಕೂತಿರುತ್ತಿದ್ದಳು. ಬೇರೆಯವರ ಸರದಿಯ ದಿನವೂ ತಾನೇ ಗುಡಿಸುತ್ತೇನೆ ಎಂದಳು. ಬೇಡವೆನ್ನಲು ನನಗೆ ಕಾರಣ ಕಾಣಲಿಲ್ಲ. ಬೀಗದ ಕೈಯನ್ನು ಕಾವಲುಗಾರನ ಬಳಿ ಕೊಟ್ಟು, ಇವಳು ಬಂದರೆ ತೆಗೆದುಕೊಡಿ ಎಂದು ಹೇಳಿದೆ. ನಾನು ಬರುವ ಹೊತ್ತಿಗೆ ಕೋಣೆ ಚೊಕ್ಕಟವಾಗಿರುತ್ತಿತ್ತು. ನೀರು ದೂರದಿಂದ ತರಬೇಕಾದ್ದರಿಂದ ಚಿಮುಕಿಸುವಂತಿರಲಿಲ್ಲ, ಒಣಗಿದ ನೆಲವನ್ನೇ ಗುಡಿಸುತ್ತಿದ್ದಳು. ಅವಳ ರೆಪ್ಪೆ, ಮೂಗಿನ ತುದಿ, ಕೂದಲು ಬೆಳ್ಳಗಾಗಿರುತ್ತಿದ್ದವು. ಮದುವೆ ಹೆಣ್ಣಿನ ಹಾಗೆ ಪೌಡರ್ ಹಾಕ್ಕೊಂಡು ಬಂದವಳೆ ನೋಡಿ ಮಿಸ್ ಎಂದು ಮಕ್ಕಳು ನಗುತ್ತಿದ್ದವು. ನಾನು ಅವಳನ್ನು ಮುಂದೆ ನಿಲ್ಲಿಸಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದ್ದೆ. ಒಂದು ವರ್ಷ ಹೀಗೇ ನಡೆಯಿತು.

ಎರಡನೆಯ ವರ್ಷದ ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಕೋಣೆಯ ವಾಸನೆ ತಡೆಯಲಾಗದಷ್ಟು ಹೆಚ್ಚಿತು. ಮಕ್ಕಳು ತಲೆನೋವು ಎನ್ನುತ್ತಿದ್ದರು, ಒಬ್ಬಿಬ್ಬರು ವಾಂತಿ ಮಾಡಿಕೊಂಡರು. ಹಸಿದ ಹೊಟ್ಟೆಯಲ್ಲಿ ಬರುತ್ತಾರೆ, ಅದಕ್ಕೇ ಇರಬೇಕು ಎಂದು ಮನೆಯಿಂದ ಬಿಸ್ಕತ್ತು ತರತೊಡಗಿದೆ. ಒಂದು ಬೆಳಿಗ್ಗೆ ಆ ಹುಡುಗಿ ಕಪ್ಪುಹಲಗೆಯ ಮೇಲೆ ಒತ್ತಕ್ಷರ ಬರೆಯುತ್ತಿದ್ದವಳು ಸೀಮೆಸುಣ್ಣ ಕೆಳಗೆ ಹಾಕಿ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ. ಮುಖ್ಯೋಪಾಧ್ಯಾಯರು ಓಡಿಬಂದು ಅವಳ ಮುಷ್ಟಿಯೊಳಗೆ ಬೀಗದ ಕೈ ಗೊಂಚಲು ತುರುಕಿದರು. ಎರಡು ನಿಮಿಷದಲ್ಲಿ ನಿಂತಿತು. ಕಣ್ಣು ಬಿಟ್ಟವಳು ನನ್ನ ಮುಖ ನೋಡಿ, "ಮಿಸ್, ಅದು ತಪ್ಪಾಯ್ತಾ?" ಎಂದಳು. ಬರೆದ ಅಕ್ಷರವನ್ನು ಕೇಳುತ್ತಿದ್ದಳು.

ಕಾವಲುಗಾರ ಬಾಗಿಲಲ್ಲಿ ನಿಂತಿದ್ದ. ಮಕ್ಕಳನ್ನು ಹೊರಗೆ ಕಳಿಸಿದ ಮೇಲೆ ಮೆಲ್ಲಗೆ ಹೇಳಿದ: "ಇದು ಔಷಧಿ ಕೋಣೆ ಮೇಡಂ."

"ಯಾವ ಔಷಧಿ?"

"ಹುಳ ಸಾಯೋ ಔಷಧಿ. ಪುಡಿ ಮೂಟೆ ಇಲ್ಲೇ ಪೇರಿಸ್ತಿದ್ರು. ಎಲ್ಲ ಬಿಟ್ಟು ಹೋದ್ಮೇಲೆ ಮೂಟೆ ಕೊಳ್ತು ಒಡೆದೋದ್ವು. ಸ್ಕೂಲ್ ಬರ್ತದೆ ಅಂದಾಗ ಕಂಟ್ರಾಕ್ಟರ್ ಅದ್ರ ಮೇಲೇ ಮಣ್ಣು ಹರಡಿ ಸಿಮೆಂಟ್ ಬಳ್ದ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನನ್ಗೆ ಏನೂ ಆಗ್ಲಿಲ್ವಲ್ಲ ಮೇಡಂ. ತಲೆ ಮೇಲೇ ಬಿದ್ದಿದ್ದು," ಎಂದ. ಅವನ ಬಲಗೈ ಯಾವಾಗಲೂ ನಡುಗುತ್ತಿತ್ತು. ಅದು ವಯಸ್ಸಿನದು ಎಂದು ಅವನೂ ನಂಬಿದ್ದ, ನಾನೂ ನಂಬಿದ್ದೆ.

ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಈ ಮಕ್ಕಳನ್ನ? ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಟ್ಟಡ ಕೊಡಲ್ಲ. ಸ್ಕೂಲೇ ಹೋಗುತ್ತೆ. ನಾಳೆಯಿಂದ ಎಲ್ಲ ಗೂಡಿಗೆ ಹೋಗಿ ಇಟ್ಟಿಗೆ ಹೊರ್ತವೆ," ಎಂದರು. ಆಮೇಲೆ ಕೇಳಿದರು: "ನಿಮ್ಮ ಪ್ರೊಬೇಷನ್ ಯಾವಾಗ ಮುಗಿಯುತ್ತೆ?"

ಇನ್ನೊಂದು ವರ್ಷವಿತ್ತು. ನಾನು ಸುಮ್ಮನಾದೆ.

ಇದನ್ನು ಬರೆಯುವುದು ಕಷ್ಟ. ಸುಮ್ಮನಾದೆ ಎಂದರೆ ಏನೂ ಮಾಡಲಿಲ್ಲ ಎಂದಲ್ಲ. ಹುಡುಗಿಯ ಕೈಯಿಂದ ಪೊರಕೆ ತೆಗೆದುಕೊಂಡೆ, ನಾನೇ ಮೂಗಿಗೆ ಸೆರಗು ಕಟ್ಟಿ ಗುಡಿಸಿದೆ. ಬಿಸಿಲಿದ್ದ ದಿನ ಮಕ್ಕಳನ್ನು ವಿಮಾನದ ಪಟ್ಟಿಯ ಮೇಲೆ ಕೂರಿಸಿ ಪಾಠ ಮಾಡಿದೆ. ಮಳೆ ಬಂದಾಗ ಮತ್ತೆ ಅದೇ ಕೋಣೆಗೆ ಕರೆದುಕೊಂಡು ಹೋದೆ. ಆ ವರ್ಷ ಮಳೆ ಚೆನ್ನಾಗಿ ಬಂತು. ಪೊರಕೆ ಕಿತ್ತುಕೊಂಡಿದ್ದಕ್ಕೆ ಹುಡುಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ತಾನು ಏನೋ ತಪ್ಪು ಮಾಡಿದೆ ಎಂದುಕೊಂಡಿದ್ದಳು. ಕೋಣೆಯ ವಿಷಯ ಅವಳ ತಾಯಿಗೆ ನಾನು ಹೇಳಲಿಲ್ಲ. ಜೂನ್‌ನಿಂದ ದಸರೆಯವರೆಗೆ ಹೇಳಲಿಲ್ಲ.

ದಸರೆ ರಜೆ ಮುಗಿದ ವಾರ ಎರಡನೆಯ ಸಲ ಬಿದ್ದಳು. ಈ ಸಲ ನಿಲ್ಲಲಿಲ್ಲ. ಕಾವಲುಗಾರ ಸೈಕಲ್ ತುಳಿದು ಗೂಡಿಗೆ ಹೋಗಿ ತಾಯಿಯ ಜೊತೆಗೆ ಇಟ್ಟಿಗೆ ತುಂಬಿದ ಲಾರಿಯನ್ನೇ ಕರೆದುಕೊಂಡು ಬಂದ. ಲಾರಿ ವಿಮಾನದ ಪಟ್ಟಿಯ ಮೇಲೆ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ತಾಯಿ, ತಾಯಿಯ ಮಡಿಲಲ್ಲಿ ಮಗು, ಪಕ್ಕದಲ್ಲಿ ನಾನು. ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ಸಿಕ್ಕಿಹಾಕಿಕೊಂಡು ಅರ್ಧ ಗಂಟೆ ನಿಂತೆವು. ಡ್ರೈವರ್ ಇಳಿದು ಮುಂದಿನ ಬಸ್ಸುಗಳ ಬಾಗಿಲು ಬಡಿಯುತ್ತಿದ್ದ. ಆ ತಾಯಿ ಮಗಳ ಹಲ್ಲುಗಳ ನಡುವೆ ತನ್ನ ಬೆರಳು ಇಟ್ಟುಕೊಂಡು ಕೂತಿದ್ದಳು. ಬೆರಳಿನಿಂದ ರಕ್ತ ಇಳಿಯುತ್ತಿತ್ತು, ಅವಳು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಮನೇಲಿ ಏನಾದ್ರೂ ವಿಷ, ತಿಗಣೆ ಔಷಧಿ, ಹೊಲಕ್ಕೆ ಹೊಡೆಯೋದು ಇಟ್ಟಿದೀರಾ?"

"ಇಲ್ಲ ಸಾರ್. ನಮ್ ಶೆಡ್ಡಲ್ಲಿ ಒಂದೂ ಇಲ್ಲ," ಎಂದಳು ತಾಯಿ.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಸುಮ್ಮನಿರು, ಕೆಲಸ ಉಳಿಸಿಕೋ ಎನ್ನುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆನೇನೋ. ಅವರು ಕೈಲಿದ್ದ ತಟ್ಟೆ ಕೆಳಗಿಟ್ಟು, "ಕೊಳೆತ ಹಣ್ಣು ಅಂತ ಗೊತ್ತಿದ್ದೂ ಒಂದನ್ನೂ ಕೊಟ್ಟಿಲ್ಲ ನಾನು ಯಾರಿಗೂ," ಎಂದರು ದಖನಿಯಲ್ಲಿ. ಅಷ್ಟೇ ಹೇಳಿ ಎದ್ದುಹೋದರು. ಬೆಳಿಗ್ಗೆ ನನಗಿಂತ ಮುಂಚೆ ಅವರೇ ಚಪ್ಪಲಿ ಹಾಕಿಕೊಂಡು ನಿಂತಿದ್ದರು, ಆಸ್ಪತ್ರೆಗೆ ಜೊತೆಗೆ ಬರಲು.

ಡಾಕ್ಟರು ಕೇಳಿಸಿಕೊಂಡು ಕನ್ನಡಕ ತೆಗೆದರು. "ಇದನ್ನ ನಿನ್ನೆ ಹೇಳ್ಬೇಕಿತ್ತು," ಎಂದರು.

"ನಿನ್ನೆ ಹೇಳಿದ್ದರೆ ಬೇರೆ ಆಗ್ತಿತ್ತಾ ಸಾರ್?"

"ಹೇಳೋಕಾಗಲ್ಲ. ಇರಬಹುದು, ಇಲ್ದೇನೂ ಇರಬಹುದು."

ಹುಡುಗಿ ಬದುಕಿದಳು. ಆದರೆ ನಾಲ್ಕು ದಿನದ ಮೇಲೆ ಎಚ್ಚರಾದಾಗ ಮಾತು ತೊದಲುತ್ತಿತ್ತು, ಎಡಗೈಯಲ್ಲಿ ಹಿಡಿತವಿರಲಿಲ್ಲ. ಇದು ಆ ಪುಡಿಯಿಂದಲೇ ಆದದ್ದು ಎಂದು ಬರೆದುಕೊಡಿ ಎಂದು ಕೇಳಿದೆ. ಹಾಗೆ ಬರೆಯಲು ಬರುವುದಿಲ್ಲ, ಇಲ್ಲಿ ಅದರ ಪರೀಕ್ಷೆಯಿಲ್ಲ ಎಂದರು.

ಆಸ್ಪತ್ರೆಯ ಜಗಲಿಯಲ್ಲಿ ಕೂತು ತಾಯಿಗೆ ಹೇಳಿದೆ. ಕೋಣೆಯಲ್ಲಿ ಏನಿತ್ತು, ಗುಡಿಸಲು ಬಿಟ್ಟವಳು ನಾನೇ, ಜೂನ್‌ನಿಂದ ನನಗೆ ಗೊತ್ತಿತ್ತು, ಎಲ್ಲ ಹೇಳಿದೆ. ಅವಳು ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಬಟ್ಟೆ ಸುತ್ತಿದ ಬೆರಳನ್ನು ನೋಡಿಕೊಳ್ಳುತ್ತ, "ಅವ್ಳು ಎಷ್ಟ್ ಖುಷಿಯಾಗಿ ಬರ್ತಿದ್ಲು ಮೇಡಂ. ಕ್ಲಾಸ್ ಗುಡಿಸೋದು ನನ್ಗೇ ಕೊಟ್ಟವ್ರೆ ಅಂತ ಗೂಡಲ್ಲೆಲ್ಲ ಹೇಳ್ಕೊಂಡ್ ಬಂದಿದ್ಲು," ಎಂದಳು. ಆಮೇಲೆ, "ಇನ್ನು ಓದ್ತಾಳಾ?" ಎಂದು ಕೇಳಿದಳು.

ಓದುತ್ತಾಳೆ ಎಂದೆ. ಅದು ಸುಳ್ಳಾಯಿತು.

ಅದಾದ ಮೇಲೆ ನಾನು ಕೋಣೆಗೆ ಬೀಗ ಹಾಕಿದೆ. ಉಪ್ಪಿನಕಾಯಿ ಶೀಸೆಯೊಂದರಲ್ಲಿ ಆ ಪುಡಿ ತುಂಬಿಕೊಂಡು, ಅರ್ಜಿ ಬರೆದುಕೊಂಡು, ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಶಿಕ್ಷಣ ಇಲಾಖೆಯವರು ಜಾಗ ನಮ್ಮದಲ್ಲ ಎಂದರು. ಜಾಗ ಯಾರದೋ ಆ ಇಲಾಖೆಯವರು ಉಗ್ರಾಣ ಖಾಲಿ ಮಾಡಿ ಆಗಿದೆಯೆಂದು ದಾಖಲೆಯಲ್ಲಿದೆ ಎಂದರು. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಶೀಸೆ ಇಟ್ಟಾಗ ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಮೊದ್ಲು ಅದನ್ನ ಹೊರಗಿಡಿ," ಎಂದರು. ಜವಾನ ಅದನ್ನು ಕಾಗದದಲ್ಲಿ ಹಿಡಿದು ಹೊರಗಿಟ್ಟು ಬಂದ. ಅಧಿಕಾರಿ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕೂತು, ನನ್ನ ಅರ್ಜಿಯ ಮೇಲೆ ಸೂಕ್ತ ಆಧಾರವಿಲ್ಲ ಎಂದು ಬರೆದರು. ಶೀಸೆಯನ್ನು ಅವರು ಮುಟ್ಟಿಯೂ ಇರಲಿಲ್ಲ.

ಪಾಠ ಮಾಡದೆ ಕೋಣೆಗೆ ಬೀಗ ಹಾಕಿದ್ದಕ್ಕೆ ನನಗೆ ನೋಟಿಸು ಬಂತು. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು, ನಗರದ ಇನ್ನೊಂದು ಕೊನೆಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಹೊಸ ಮೇಡಂ ಬೀಗ ತೆಗೆಸಿ ಅದೇ ಕೋಣೆಯಲ್ಲಿ ತರಗತಿ ಶುರುಮಾಡಿದರಂತೆ. ಮುಖ್ಯೋಪಾಧ್ಯಾಯರು ಅವರಿಗೆ ವಿಷಯ ಹೇಳಿದ್ದರೋ ಇಲ್ಲವೋ ತಿಳಿಯದು. ಆ ಮೇಡಂಗೆ ನಾನೇ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ.

ಫಿಟ್ಸಿನ ಮಾತ್ರೆಗೆ ತಾಯಿ ಮಗಳು ತಿಂಗಳಿಗೊಮ್ಮೆ ಶಿವಾಜಿನಗರದ ಆಸ್ಪತ್ರೆಗೆ ಬರುತ್ತಿದ್ದರು. ಬಸ್ ನಿಲ್ದಾಣದಲ್ಲಿ ಕಾದಿದ್ದು ಕರೆದುಕೊಂಡು ಹೋಗುತ್ತಿದ್ದೆ. ಸಾಲಿನಲ್ಲಿ ನಿಂತಿರುವಾಗ ಹುಡುಗಿಗೆ ಅಕ್ಷರ ತಿದ್ದಿಸಲು ನೋಡುತ್ತಿದ್ದೆ. ಮೂರನೆಯ ತರಗತಿಯ ಪಾಠ ಓದುತ್ತಿದ್ದವಳಿಗೆ ಅ ಆ ಮರೆತುಹೋಗಿತ್ತು. ನೆನಪಾದ ದಿನ ನಗುತ್ತಿದ್ದಳು, ಆಗದ ದಿನ ಬಳಪವನ್ನು ನನ್ನ ಕೈಗೆ ವಾಪಸು ಕೊಡುತ್ತಿದ್ದಳು. ಅಬ್ಬಾ ಪ್ರತಿ ಸಲವೂ ಅವಳಿಗೆಂದು ಮೂಸಂಬಿ ಆರಿಸಿ ಇಟ್ಟಿರುತ್ತಿದ್ದರು. ಹೀಗೆ ಐದು ವರ್ಷ ನಡೆಯಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ತಿಂಗಳು ಅವರು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ನಾನು ಗೂಡಿಗೆ ಹೋದೆ. ಗೂಡು ಇರಲಿಲ್ಲ. ವಿಮಾನದ ಬಯಲಿನ ಸುತ್ತ ಕಲ್ಲು ನೆಟ್ಟು ಬಣ್ಣ ಬಳಿದಿದ್ದರು. ಬಡಾವಣೆ ಬರುತ್ತದೆ ಎಂದು ಕೂಲಿಯವರ ಶೆಡ್ಡುಗಳನ್ನು ಎಬ್ಬಿಸಿದ್ದರು. ಶಾಲೆಯನ್ನು ಬೇರೆ ಊರಿನ ಶಾಲೆಗೆ ಸೇರಿಸಿದ್ದರು. ತಗಡಿನ ಶೆಡ್ಡನ್ನು ಗುಜರಿಗೆ ಬಿಚ್ಚುತ್ತಿದ್ದರು. ನಾನು ನೋಡುತ್ತಿರುವಾಗಲೇ ಜೆಸಿಬಿ ನನ್ನ ತರಗತಿಯ ಗೋಡೆ ಕೆಡವಿ, ನೆಲವನ್ನು ಅಗೆದು, ಆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ತಗ್ಗಿದ್ದ ಕಡೆಗೆಲ್ಲ ಸುರಿಯುತ್ತಿತ್ತು. ಬೆಳ್ಳನೆಯ ಧೂಳು ಎದ್ದಿತ್ತು. ಡ್ರೈವರ್‌ಗೆ ಕೂಗಿ ಹೇಳಿದೆ. ಇಂಜಿನ್ ಸದ್ದಿನಲ್ಲಿ ಅವನು ಕಿವಿಗೆ ಕೈ ಹಿಡಿದು ಏನು ಎಂಬಂತೆ ನೋಡಿ, ಕೈ ಬೀಸಿ ನನ್ನನ್ನು ದೂರ ಸರಿಯಲು ಹೇಳಿದ.

ಕಾವಲುಗಾರ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ ಎಂದು ಗುಜರಿಯವರು ಹೇಳಿದರು. ತಾಯಿ ಮಗಳು ಎಲ್ಲಿ ಹೋದರೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸಕೋಟೆಯ ಕಡೆಯ ಗೂಡುಗಳಲ್ಲಿ, ಸರ್ಜಾಪುರದ ಕಡೆ, ಬೇಸಿಗೆ ರಜೆಯಲ್ಲೆಲ್ಲ ಹುಡುಕಿದೆ. ಎಡಗೈ ಸೊಟ್ಟಗಿರುವ, ಫಿಟ್ಸ್ ಬರುವ ಹುಡುಗಿ ಎಂದು ಕೇಳುತ್ತಿದ್ದೆ. ಒಂದು ಕಡೆ ಹಾಗೆಯೇ ಇದ್ದ ಹುಡುಗಿಯನ್ನು ತೋರಿಸಿದರು. ಅವಳು ಬೇರೆಯವಳು. ಆ ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು. ಆಸ್ಪತ್ರೆಯ ಸಾಲಿನಲ್ಲಿ ನಾನೊಬ್ಬಳೇ ಕೆಲವು ತಿಂಗಳು ಹೋಗಿ ನಿಂತು ಬಂದೆ. ಆಮೇಲೆ ಅದನ್ನೂ ಬಿಟ್ಟೆ. ಅವಳು ಸಿಗಲಿಲ್ಲ.

ಆ ಹೊತ್ತಿಗೆ ಮದುವೆಯಾಗಿ ಹಲಸೂರಿಗೆ ಬಂದಿದ್ದೆ. ಬಡಾವಣೆಯಲ್ಲಿ ಮನೆಗಳು ಎದ್ದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೋದೆ. ವಿಮಾನದ ಪಟ್ಟಿಗೇ ಡಾಂಬರು ಹಾಕಿ ದೊಡ್ಡ ರಸ್ತೆ ಮಾಡಿಕೊಂಡಿದ್ದರು. ನನ್ನ ಕೋಣೆಯಿದ್ದ ಕಡೆ ಮಹಡಿಯ ಮನೆಯೊಂದರ ಮುಂದೆ ಒಬ್ಬ ಹೆಂಗಸು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಳು. ಗೇಟಿನ ಹೊರಗೆ ನಿಂತು ಎಲ್ಲ ಹೇಳಿದೆ. ಈ ಮಣ್ಣಿನಲ್ಲಿ ಏನಿದೆ, ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ, ಮಕ್ಕಳನ್ನು ಮಣ್ಣಲ್ಲಿ ಆಡಲು ಬಿಡಬೇಡಿ. ಅವಳು ಪೂರ್ತಿ ಕೇಳಿಸಿಕೊಂಡು, "ನೀವು ಯಾವ ಲೇಔಟ್ ಕಡೆಯವ್ರು?" ಎಂದಳು.

"ನಾನು ಟೀಚರ್."

"ಯಾವ ಸ್ಕೂಲು?"

"ಇಲ್ಲೇ ಇತ್ತು ಸ್ಕೂಲು. ನಿಮ್ಮ ಕಾರ್ ನಿಂತಿದೆಯಲ್ಲ, ಅಲ್ಲಿ."

ಅವಳು ಒಳಗೆ ಹೋಗಿ ಗಂಡನನ್ನು ಕರೆತಂದಳು. ಅವರು ವಿನಯವಾಗಿಯೇ, "ರೇಟ್ ಬೀಳಿಸೋಕೆ ಹೀಗೆ ಸುಮಾರು ಜನ ಬರ್ತಾರೆ ಮೇಡಂ. ನೀರಿನ ರಿಪೋರ್ಟ್ ನಮ್ಮತ್ರ ಇದೆ," ಎಂದು ಗೇಟು ಹಾಕಿಕೊಂಡರು. ಮುಂದಿನ ಮನೆಗೆ ಹೋದೆ, ಅದರ ಮುಂದಿನದಕ್ಕೆ ಹೋದೆ. ನಾಲ್ಕನೆಯ ಮನೆಯಲ್ಲಿ ಕಿಟಕಿಯ ಪರದೆ ಅಲುಗಿತು, ಯಾರೂ ಹೊರಬರಲಿಲ್ಲ.

ಮತ್ತೆರಡು ಸಲ ಹೋದೆ. ಕೊನೆಯ ಸಲ ರಸ್ತೆಯ ಬಾಯಿಗೆ ಗೇಟು ಬಂದಿತ್ತು. ಸೆಕ್ಯುರಿಟಿಯವನು ಎದ್ದು ಬಂದು, "ಮೇಡಂ, ನಿಮ್ಮನ್ನ ಒಳಗೆ ಬಿಡ್ಬೇಡ ಅಂದವ್ರೆ. ಬೇಜಾರ್ ಮಾಡ್ಕೋಬೇಡಿ," ಎಂದ. ನಡುವಯಸ್ಸಿನವನು, ಊರು ರಾಯಚೂರಿನ ಕಡೆಯಂತೆ. ನಾನು ತಿರುಗಿದಾಗ ಹಿಂದಿನಿಂದ ನಾಲ್ಕು ಹೆಜ್ಜೆ ಬಂದು ದನಿ ತಗ್ಗಿಸಿ ಕೇಳಿದ:

"ನೀವು ಹೇಳೋದು ನಿಜನಾ? ನಾನು, ನನ್ ಹೆಂಡ್ತಿ ಮಕ್ಳು ಇಲ್ಲೇ ಸಂಪ್ ಪಕ್ಕ ಇರೋದು. ಈ ನೀರೇ ಕುಡಿಯೋದು."

"ಕುಡೀಬೇಡಿ," ಎಂದೆ.

"ಮತ್ತೆ ಎಲ್ಲಿಂದ ತರ್ಲಿ ಮೇಡಂ?"

ಚೀಲದಲ್ಲಿದ್ದ ನನ್ನ ನೀರಿನ ಬಾಟಲಿ ತೆಗೆದು ಅವನ ಕೈಗೆ ಕೊಟ್ಟೆ. ಅದರಲ್ಲಿ ಅರ್ಧ ಮಾತ್ರ ನೀರಿತ್ತು. ಅವನು ಅದನ್ನು ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದ. ನಾನು ಬಸ್ಸಿನ ಕಡೆ ನಡೆದೆ.